ಆ ದಿನಗಳ ಮಾತ್ರೆ

೧೭ ಜನವರಿ ೨೦೨೫, ಶುಕ್ರವಾರ

ಉಪ್ಪಿಟ್ಟು, ಕಾಫಿ, ಅತ್ತೆಗೆ ಬಿಸಿನೀರು, ನನ್ನ ಮಾತ್ರೆ. ಹೊರಡುವಾಗ ಖಾಕಿ ಶರ್ಟಿನ ಗುಂಡಿ ಹಾಕಿಕೊಳ್ಳುವುದಕ್ಕೂ ಸುಸ್ತು. ನವೆಂಬರಿನಲ್ಲಿ ಎದೆನೋವು ಬಂದು ಸ್ಟೆಂಟ್ ಹಾಕಿದ ಹೊಸದರಲ್ಲಿ ಇವರು ಎದುರಿಗೆ ನಿಂತು, ಮಾತ್ರೆ ಗಂಟಲಿಳಿಯಿತೋ ಇಲ್ಲವೋ ಎಂದು ನೋಡುತ್ತಿದ್ದರು. ಈಗ "ಆಯ್ತಾ?" ಎನ್ನುತ್ತಾರೆ. ಉತ್ತರಕ್ಕೆ ಕಾಯುವುದಿಲ್ಲ. ಬೈಕ್ ಹೂಟಗಳ್ಳಿ ಫ್ಯಾಕ್ಟರಿ ಕಡೆ ಹೊರಟಿರುತ್ತದೆ.

ಡ್ಯೂಟಿಗೆ ವಾಪಸಾಗಿ ಎರಡನೇ ವಾರ. ದೂರದ ರೂಟ್ ಬೇಡ ಎಂದು ಸಿಟಿಯೊಳಗೇ ಹಾಕಿದ್ದಾರೆ. ಬಸ್ ಸ್ಟ್ಯಾಂಡಿನಿಂದ ಉದಯಗಿರಿ ಹಾದು ರಾಜೀವನಗರ, ಮತ್ತೆ ವಾಪಸ್. ಡ್ರೈವರ್ ಸದಾಶಿವಯ್ಯ. ಒಳ್ಳೆಯ ಮನುಷ್ಯ, ಬ್ರೇಕ್ ಮೆತ್ತಗೆ ಹಾಕುತ್ತಾನೆ. ಹೆಂಗಸರಿಗೆಲ್ಲ ಫ್ರೀ ಆದಮೇಲೆ ಬಸ್ಸಿನಲ್ಲಿ ಕಾಲಿಡಲು ಜಾಗವಿಲ್ಲ. ಆಧಾರ್ ನೋಡು, ಜೀರೋ ಟಿಕೆಟ್ ಹರಿ, ಮುಂದೆ ಹೋಗಿ ಮುಂದೆ ಹೋಗಿ ಎಂದು ಕೂಗು. ಮೊದಲು ಈ ಕೂಗು ನನಗೇ ಕೇಳಿಸುತ್ತಿರಲಿಲ್ಲ. ಈಗ ಪ್ರತಿ ಸಲವೂ ಎದೆಯಿಂದ ಏನನ್ನೋ ಎಳೆದು ತೆಗೆದ ಹಾಗೆ.

ಡಾಕ್ಟರ್ ಹೇಳಿದ್ದು ಸರಿಯಾಗಿ ನೆನಪಿದೆ. "ಸ್ಟೆಂಟ್ ಅಂದ್ರೆ ರಕ್ತನಾಳದೊಳಗೆ ಇಟ್ಟಿರೋ ಸಣ್ಣ ಲೋಹದ ಬಲೆ. ಮೈ ಅದನ್ನ ತನ್ನದು ಅಂತ ಒಪ್ಕೊಳ್ಳೋಕೆ ಟೈಮ್ ಬೇಕು. ಅಲ್ಲೀವರೆಗೂ ಅದರ ಮೇಲೆ ರಕ್ತ ಹೆಪ್ಪುಗಟ್ಟಬಾರದು. ಅದಕ್ಕೇ ಎರಡು ಮಾತ್ರೆ. ಒಂದು ವರ್ಷ. ಯಾರೇ ಹೇಳಲಿ, ನನ್ನ ಕೇಳದೆ ನಿಲ್ಲಿಸಬಾರದು."

ಆಯಿತು ಸಾರ್ ಅಂದಿದ್ದೆ.

೨೧ ಜನವರಿ, ಮಂಗಳವಾರ

ಡೇಟ್ ಆಯಿತು. ಬೆಳಿಗ್ಗೆ ಮೊದಲ ಟ್ರಿಪ್ಪಿನಲ್ಲೇ. ಡಿಸೆಂಬರಿನಲ್ಲೂ ಜಾಸ್ತಿಯೇ ಇತ್ತು, ಆಗ ಮನೆಯಲ್ಲಿದ್ದೆ, ಮಲಗಿಕೊಂಡೇ ಕಳೆದಿತ್ತು. ಬಸ್ಸಿನಲ್ಲಿ ಎಲ್ಲಿ ಮಲಗಲಿ.

ರಾಜೀವನಗರ ಲಾಸ್ಟ್ ಸ್ಟಾಪಿನಲ್ಲಿ ಟಾಯ್ಲೆಟ್ ಇಲ್ಲ. ಸಿಟಿ ಬಸ್ ಸ್ಟ್ಯಾಂಡಿಗೆ ಬರುವವರೆಗೂ ಕಾಲು ಕೂಡಿಸಿಕೊಂಡು ನಿಂತೇ ಇದ್ದೆ. ಕೂತರೆ ಏಳಲು ಭಯ. ಎರಡು ಪ್ಯಾಡ್ ಒಟ್ಟಿಗೆ ಇಟ್ಟರೂ ಸಾಲದು. ರಕ್ತ ತೆಳ್ಳಗಾಗುವ ಮಾತ್ರೆ ಅಂದರು. ಇಲ್ಲಿ ಗಡ್ಡೆ ಗಡ್ಡೆಯಾಗಿ ಹೋಗುತ್ತಿದೆ.

೨೪ ಜನವರಿ, ಶುಕ್ರವಾರ

ಇನ್ನೂ ನಿಂತಿಲ್ಲ. ರಜಾ ಹಾಕಿದೆ. ಹೃದಯದ ರಜಾ ಎಲ್ಲ ಮುಗಿದಿದೆ, ಇದಕ್ಕೆ ಏನು ಕಾರಣ ಬರೆಯಲಿ. ಜ್ವರ ಎಂದು ಬರೆದೆ.

ಬಚ್ಚಲು ತೊಳೆದು ಹೊರಗೆ ಬಂದರೆ ಅತ್ತೆ ಬಾಗಿಲಲ್ಲೇ ನಿಂತಿದ್ದಾರೆ. ಎಪ್ಪತ್ತೈದರ ಮೇಲಾಯಿತು, ಕಣ್ಣು ಮಾತ್ರ ಹದ್ದಿನದು.

"ಎಂಗಿದ್ದದು ಮೈ?" ಅಂದರು.

"ಚೆನ್ನಾಗಿದೆ ಅತ್ತೆ."

"ಚೆನ್ನಾಗಿರೋರ್ ಮೊಕ ಇಂಗಿರ್ತದಾ? ಸುಣ್ಣ ಬಳ್ದಂಗೈತೆ."

ನಿಲ್ಲುವ ವಯಸ್ಸು ಅತ್ತೆ, ನಿಲ್ಲೋ ಮುಂಚೆ ಹೀಗೆಲ್ಲ ಆಗುತ್ತಂತೆ, ಅಂದೆ. ಮಧ್ಯಾಹ್ನ ತಟ್ಟೆಯಲ್ಲಿ ಬೀಟ್ರೂಟ್ ಪಲ್ಯ ರಾಶಿ ಬಿದ್ದಿತ್ತು.

೬ ಫೆಬ್ರವರಿ, ಗುರುವಾರ

ಹಾರ್ಟ್ ಆಸ್ಪತ್ರೆಗೆ ಚೆಕಪ್. ಇವರು ರಜಾ ಹಾಕಿ ಜೊತೆಗೆ ಬಂದರು. ಹೊರಗಡೆ ಜನ ಜಾತ್ರೆ. ಒಳಗೆ ಹೋದರೆ ಡಾಕ್ಟರ್, ಬರೆದುಕೊಳ್ಳುವ ಹುಡುಗ, ಇ.ಸಿ.ಜಿ. ಹಿಡಿದ ಇನ್ನೊಬ್ಬ, ಮೂಲೆಯಲ್ಲಿ ಮುಂದಿನ ಪೇಷಂಟಿನ ಅಣ್ಣ. ಎಲ್ಲರೂ ಗಂಡಸರು.

"ಎದೆನೋವು?"

"ಇಲ್ಲ ಸಾರ್" ಅಂದರು ಇವರು.

"ಮೆಟ್ಟಿಲು ಹತ್ತಿದ್ರೆ ಉಬ್ಬಸ?"

"ಅಷ್ಟೇನಿಲ್ಲ ಸಾರ್."

"ಎಲ್ಲಾದ್ರೂ ಬ್ಲೀಡಿಂಗ್?"

ಇವರು ಯೋಚಿಸಿ, "ಹಲ್ಲುಜ್ಜುವಾಗ ಸ್ವಲ್ಪ ಬರುತ್ತೆ ಸಾರ್" ಎಂದರು. ಮನೆಯಲ್ಲಿ ಅದೊಂದನ್ನೇ ನೋಡಿರುವುದು. ನಾನು ಬಾಯಿ ತೆರೆದೆ. "ಸ್ವಲ್ಪ ಅಲ್ಲ ಸಾರ್, ಜಾಸ್ತಿನೇ ಹೋಗುತ್ತೆ..." ಅಂದೆ. ಡಾಕ್ಟರ್ ಬರೆಯುತ್ತಲೇ, "ಮೆತ್ತಗಿರೋ ಬ್ರಷ್ ತಗೊಳ್ಳಿ. ಈ ಮಾತ್ರೆಗೆ ಅಷ್ಟಿಷ್ಟು ಸಹಜ. ಅದಕ್ಕೆ ಹೆದರಿ ನಿಲ್ಲಿಸಬೇಡಿ, ಅಷ್ಟೇ" ಎಂದರು.

ಮೂಲೆಯಲ್ಲಿದ್ದವನು ನನ್ನ ಹಲ್ಲು ನೋಡಿದ.

ಬೈಕಿನಲ್ಲಿ ವಾಪಸ್ ಬರುವಾಗ ಇವರು ಮೆಡಿಕಲ್ ಸ್ಟೋರ್ ಮುಂದೆ ನಿಲ್ಲಿಸಿ ಹೊಸ ಬ್ರಷ್ ಕೊಡಿಸಿದರು. ಗುಲಾಬಿ ಬಣ್ಣದ್ದು.

೧೯ ಫೆಬ್ರವರಿ, ಬುಧವಾರ

ಈ ತಿಂಗಳು ಎರಡನೇ ದಿನಕ್ಕೇ ತಲೆ ತಿರುಗಿ ಬಸ್ಸಿನ ಕಂಬಿ ಹಿಡಿದು ನಿಂತೆ. ಯಾರೋ ಒಬ್ಬಳು ಎದ್ದು ಸೀಟು ಕೊಟ್ಟಳು. ಕಂಡಕ್ಟರಿಗೆ ಪ್ಯಾಸೆಂಜರ್ ಸೀಟು ಕೊಡುವುದನ್ನು ನನ್ನ ಸರ್ವೀಸಿನಲ್ಲಿ ನೋಡಿರಲಿಲ್ಲ.

ಮನೆಗೆ ಬಂದು ಯೋಚಿಸಿದೆ. ಎರಡು ಮಾತ್ರೆಯಲ್ಲಿ ಒಂದನ್ನು ನುಂಗುತ್ತೇನೆ. ಇನ್ನೊಂದನ್ನು ಈ ನಾಲ್ಕೈದು ದಿನ ಬಿಟ್ಟರೆ ಏನಾದೀತು? ನಿಲ್ಲಿಸುವುದಲ್ಲ. ತಡೆದು ತೆಗೆದುಕೊಳ್ಳುವುದು. ಉಪವಾಸದ ದಿನ ಊಟ ಬಿಡುವುದಿಲ್ಲವೇ, ಹಾಗೆ.

೨೩ ಫೆಬ್ರವರಿ, ಭಾನುವಾರ

ಕಮ್ಮಿಯಾಯಿತು. ನಿಜವಾಗಲೂ ಕಮ್ಮಿಯಾಯಿತು. ಮಧ್ಯಾಹ್ನ ಊಟ ಮಾಡಿ ಮಲಗಿದವಳು ಸಂಜೆಗೆ ಎದ್ದೆ. ಮಗಳು ಗಗನ ಎಬ್ಬಿಸಲಿಲ್ಲವಂತೆ, ಪಾತ್ರೆ ಅವಳೇ ತೊಳೆದಿಟ್ಟಿದ್ದಾಳೆ. ಡಿಗ್ರಿ ಕೊನೆ ವರ್ಷ, ಪರೀಕ್ಷೆಗೆ ಓದಬೇಕಾದವಳು. ನಾಳೆಯಿಂದ ಎರಡೂ ಮಾತ್ರೆ ಶುರು. ಎದೆಗೆ ಏನೂ ಆಗಿಲ್ಲ. ಸುಮ್ಮನೆ ಹೆದರಿಸುತ್ತಾರೆ.

೧೮ ಮಾರ್ಚ್, ಮಂಗಳವಾರ

ಮತ್ತೆ ಅದೇ. ಮಾತ್ರೆ ಬಿಟ್ಟರೂ ಈ ಸಲ ಅಷ್ಟಾಗಿ ಕಮ್ಮಿಯಿಲ್ಲ. ರೆಸ್ಟ್ ರೂಮಿನಲ್ಲಿ ಸುಮಿತ್ರಮ್ಮ ಸಿಕ್ಕರು, ನನಗಿಂತ ಸೀನಿಯರ್ ಕಂಡಕ್ಟರ್. ಅವರ ಹತ್ತಿರ ಮಾತ್ರ ಬಾಯಿ ಬಿಟ್ಟೆ.

"ಅಯ್ಯೋ ಅದಕ್ಕೇನ್ ಕಣಮ್ಮ, ರಕ್ತ ನಿಲ್ಲೋ ಮಾತ್ರೆ ಅಂತ ಬರ್ತದೆ. ನಾನು ಎರಡ್ ವರ್ಷ ಅದ್ರಲ್ಲೇ ಡ್ಯೂಟಿ ಮಾಡ್ದೆ" ಎಂದರು. ಹೆಸರನ್ನು ಟಿಕೆಟ್ ಹಿಂದೆ ಬರೆದುಕೊಟ್ಟರು. ಸ್ಟೆಂಟ್ ಇರುವವರಿಗೆ ಆಗುತ್ತದೋ ಎಂದು ಅವರೂ ಯೋಚಿಸಲಿಲ್ಲ, ನಾನೂ ಕೇಳಲಿಲ್ಲ. ಅಂಗಡಿಯವನೂ ಕೇಳಲಿಲ್ಲ. ಪೇಪರಿನಲ್ಲಿ ಸುತ್ತಿ ಕೊಟ್ಟ.

೨೦ ಮಾರ್ಚ್, ಗುರುವಾರ

ಕೆಲಸ ಮಾಡಿತು. ಎರಡು ದಿನದಲ್ಲಿ ಮೈ ಹಗುರ.

೩೦ ಮಾರ್ಚ್, ಯುಗಾದಿ

ಬೇವುಬೆಲ್ಲ ತಿಂದು, ಒಬ್ಬಟ್ಟು ಮಾಡಿದೆ. ಹೂರಣ ರುಬ್ಬುವಾಗ ಮಧ್ಯೆ ಮಧ್ಯೆ ಕೂರಬೇಕಾಯಿತು. ಇವರು "ಹಾರ್ಟ್ ಪೇಷಂಟ್ ಕಣೆ ನೀನು, ಇಷ್ಟೆಲ್ಲ ಯಾಕೆ ಮಾಡಕ್ ಹೋಗ್ತೀಯ" ಎಂದರು. ಆಮೇಲೆ ಆರು ತಿಂದರು.

೧೫ ಏಪ್ರಿಲ್, ಮಂಗಳವಾರ

ಮತ್ತೆ ಬಂತು. ಬರುವ ಮುಂಚೆಯೇ ಮಾತ್ರೆ ಬಿಟ್ಟಿದ್ದೆ, ಮುಂಜಾಗ್ರತೆ ಎಂದು. ರಕ್ತ ನಿಲ್ಲುವ ಮಾತ್ರೆ ಶುರು ಮಾಡಿದ್ದೇನೆ. ಬಿಸಿಲು ವಿಪರೀತ. ಖಾಕಿ ಬೆನ್ನಿಗೆ ಅಂಟುತ್ತದೆ. ಸದಾಶಿವಯ್ಯ "ಕುಸುಮಮ್ಮ, ನೀವು ರಜಾ ಹಾಕಿ, ಯಾಕೋ ಸರಿ ಕಾಣ್ತಿಲ್ಲ" ಎಂದ. ರಜಾ ಎಲ್ಲಿದೆ. ನಾಡಿದ್ದು ಕಳೆದರೆ ಕಮ್ಮಿಯಾಗುತ್ತೆ. ಸುಸ್ತು. ಬರೆಯುವುದಕ್ಕೂ

೨ ಮೇ, ಶುಕ್ರವಾರ

ಮನೆಯಲ್ಲಿದ್ದೇನೆ. ದಿಂಬು ಎರಡು. ಪೆನ್ನು ಹಿಡಿದರೆ ಅಕ್ಷರ ನನ್ನದಲ್ಲ ಅನ್ನಿಸುತ್ತದೆ. ಮರೆಯುವ ಮುಂಚೆ ಬರೆದಿಡಬೇಕು. ಅರ್ಧ ನನಗೆ ಗೊತ್ತಿರುವುದು, ಅರ್ಧ ಬೇರೆಯವರು ಹೇಳಿದ್ದು.

ಏಪ್ರಿಲ್ ಹದಿನೇಳನೇ ತಾರೀಖು, ಮಧ್ಯಾಹ್ನದ ಟ್ರಿಪ್. ರಾಜೀವನಗರದಿಂದ ವಾಪಸ್. ಉದಯಗಿರಿಯಲ್ಲಿ ಜನ ಹತ್ತಿದರು. ನಾನು ಹಿಂದುಗಡೆ ಟಿಕೆಟ್ ಕೊಡುತ್ತಿದ್ದೆ. ಎದೆಯ ನಡುವೆ ಯಾರೋ ಒರಳುಕಲ್ಲು ತಂದಿಟ್ಟ ಹಾಗಾಯಿತು. ನವೆಂಬರಿನಲ್ಲಿ ಗ್ಯಾಸ್ ಅಂದುಕೊಂಡಿದ್ದೆ. ಈ ಸಲ ಹಾಗೆ ಅಂದುಕೊಳ್ಳಲಿಲ್ಲ. ಏನೆಂದು ಗೊತ್ತಿತ್ತು. ಯಾಕೆಂದೂ ಗೊತ್ತಿತ್ತು. ಟಿಕೆಟ್ ಮಿಷನ್ ಕೈಯಿಂದ ಜಾರಿ ಯಾರದೋ ಕಾಲ ಮೇಲೆ ಬಿತ್ತು.

ಬುರ್ಖಾ ಹಾಕಿದ್ದ ಒಬ್ಬ ಹೆಂಗಸು ನನ್ನನ್ನು ಹಿಡಿದುಕೊಂಡರು. ಸೀಟಿನಲ್ಲಿದ್ದವರನ್ನು ಎಬ್ಬಿಸಿ ಮಲಗಿಸಿದರು. ತಲೆ ಅವರ ತೊಡೆಯ ಮೇಲೆ. "ಡ್ರೈವರ್ ಸಾಬ್, ಗಾಡಿ ನಿಲ್ಲಿಸ್ರಿ, ಕಂಡಕ್ಟರಮ್ಮ ಬಿದ್ಬಿಟ್ರು" ಎಂದು ಕೂಗಿದರು. ಸದಾಶಿವಯ್ಯ ಎಂಜಿನ್ ಆಫ್ ಮಾಡದೆ ಹಿಂದಕ್ಕೆ ಓಡಿ ಬಂದ. "ಏನಾಗ್ತಿದೆ ಕುಸುಮಮ್ಮ?" ನನ್ನ ಬಾಯಲ್ಲಿ ಬಂದದ್ದು ಒಂದೇ ಮಾತು. ಸ್ಟೆಂಟ್.

ಅವನು ವಾಪಸ್ ಹೋಗಿ ಸ್ಟಿಯರಿಂಗ್ ಹಿಡಿದ. ಜೋರಾಗಿ ಹೇಳಿದ್ದು ನನಗೂ ಕೇಳಿಸಿತು. "ಇಳಿಯೋರು ಇಲ್ಲೇ ಇಳ್ಕೊಂಬುಡಿ. ಬಸ್ಸು ಈಗ ಆಸ್ಪತ್ರೆಗೆ ಹೋಗ್ತದೆ. ನಡುವೆ ಎಲ್ಲೂ ನಿಲ್ಲಲ್ಲ."

ಒಬ್ಬ "ನಂಗೆ ಟ್ರೈನ್ ಇದೆ ಕಣ್ರೀ" ಎಂದ. "ಇಳ್ದು ಆಟೋ ಹತ್ತಪ್ಪ" ಎಂದರು ಆ ಹೆಂಗಸು. ಅವನು ಇಳಿದ. ಉಳಿದವರು ಯಾರೂ ಇಳಿಯಲಿಲ್ಲವಂತೆ. ಒಂದು ಬಸ್ಸಿನಷ್ಟು ಜನ ನನ್ನ ಜೊತೆ ಆಸ್ಪತ್ರೆಗೆ ಬಂದರು. ಎಲ್ಲರೂ ಫೋನಿನಲ್ಲಿ ಮನೆಗೆ ತಡವಾಗುತ್ತೆ ಎಂದು ಹೇಳುತ್ತಿದ್ದರು. ನನಗೆ ಅದೇ ಕೊನೆಯ ನೆನಪು. ತಡವಾಗುತ್ತೆ, ತಡವಾಗುತ್ತೆ.

ಬಸ್ಸು ಆಸ್ಪತ್ರೆ ಗೇಟಿನಲ್ಲಿ ಸಿಕ್ಕಿಕೊಂಡು, ಹಿಂದೆಯೂ ಬಾರದೆ ಮುಂದೆಯೂ ಹೋಗದೆ ನಿಂತಿತಂತೆ. ಸೆಕ್ಯುರಿಟಿಯವನು ಬೈಯುತ್ತಾ ಬಂದವನು ನನ್ನನ್ನು ನೋಡಿ ಸ್ಟ್ರೆಚರ್ ತಳ್ಳಿದನಂತೆ. ಆ ಹೆಂಗಸಿನ ಹೆಸರು ಯಾರಿಗೂ ಗೊತ್ತಿಲ್ಲ. ನನ್ನ ಬ್ಯಾಗು, ಮಿಷನ್ ಎರಡನ್ನೂ ಸದಾಶಿವಯ್ಯನ ಕೈಗೆ ಕೊಟ್ಟು, ಬೇರೆ ಬಸ್ ಹತ್ತಿ ಹೋದರಂತೆ.

ಸಾಕು. ಕೈ ಸೋತಿತು.

೪ ಮೇ, ಭಾನುವಾರ

ಉಳಿದದ್ದು.

ಸ್ಟೆಂಟಿನ ಒಳಗೇ ರಕ್ತ ಹೆಪ್ಪುಗಟ್ಟಿತ್ತು. ನೀರಿನ ಪೈಪಿನ ಜಾಲರಿಗೆ ಕಸ ಕಟ್ಟಿಕೊಂಡ ಹಾಗೆ ಎಂದು ಗಗನ ವಿವರಿಸಿದಳು, ಅವಳಿಗೆ ಯಾರು ಹೇಳಿದರೋ. ಬಲೂನ್ ಹಾಕಿ ತೆಗೆದು, ಒಳಗೆ ಇನ್ನೊಂದು ಸ್ಟೆಂಟ್ ಇಟ್ಟಿದ್ದಾರೆ. ಹಿಮೋಗ್ಲೋಬಿನ್ ಏಳು ಇತ್ತು, ರಕ್ತ ಕೊಟ್ಟಿದ್ದಾರೆ. ಹೃದಯದ ಒಂದು ಭಾಗ ಮೊದಲಿನಂತೆ ಪಂಪ್ ಮಾಡುತ್ತಿಲ್ಲ. ಅದು ವಾಪಸ್ ಬರಬಹುದು, ಬರದೆಯೂ ಇರಬಹುದು.

ಐ.ಸಿ.ಯು.ನಿಂದ ವಾರ್ಡಿಗೆ ಬಂದ ಬೆಳಿಗ್ಗೆ. ಡಾಕ್ಟರ್ ರೌಂಡ್ಸಿಗೆ ಬಂದರು. ಇವರು ಮಂಚದ ತಲೆಯ ಕಡೆ, ಗಗನ ಕಾಲ ಕಡೆ. ಅತ್ತೆ ಸ್ಟೂಲಿನ ಮೇಲೆ, ಮಡಿಲಲ್ಲಿ ಗಂಜಿಯ ಫ್ಲಾಸ್ಕು.

"ಮಾತ್ರೆ ಒಂದು ದಿನಾನೂ ತಪ್ಪಿಸಿಲ್ಲ ತಾನೆ?"

"ಛೇ, ಇಲ್ಲ ಸಾರ್. ನಾನೇ ನೋಡ್ಕೋತೀನಿ" ಅಂದರು ಇವರು.

ಡಾಕ್ಟರ್ ನನ್ನ ಕಡೆ ನೋಡಿದರು. ನಾನು ಗ್ಲೂಕೋಸ್ ಬಾಟಲಿ ನೋಡಿದೆ.

"ತಗೊಂಡ್ರೂ ಹಿಂಗಾಗಿದೆ ಅಂದ್ರೆ ಆ ಮಾತ್ರೆ ಇವರಿಗೆ ಕೆಲಸ ಮಾಡ್ತಿಲ್ಲ. ಅದಕ್ಕಿಂತ ಜೋರಾದ್ದು ಬರೀತೀನಿ. ಇನ್ನೂ ಒಂದು ವರ್ಷ ಅದೇ ಮುಂದುವರಿಸಬೇಕು."

ಅದಕ್ಕಿಂತ ಜೋರಾದ್ದು. ಮುಂದಿನ ತಿಂಗಳು ಹೇಗಿರುತ್ತದೆ ಎಂದು ಕಣ್ಣ ಮುಂದೆ ಬಂತು. ಹೇಳಬೇಕು ಎಂದುಕೊಂಡೆ. ಡಾಕ್ಟರ್ ಹೊರಟೇಬಿಟ್ಟರು, ಪಕ್ಕದ ಮಂಚದ ಕಡೆಗೆ.

"ಡಾಕ್ಟ್ರಪ್ಪಾ, ಒಸಿ ನಿಂತ್ಕೊ."

ಅತ್ತೆ. ಸ್ಟೂಲಿನಿಂದ ಏಳಲೂ ಇಲ್ಲ.

"ನೀ ಕೊಟ್ ಮಾತ್ರೆ ಅವ್ಳು ಮುಟ್ಟಾದಾಗ ನುಂಗದಿಲ್ಲ. ಡಬ್ಬಿ ಮುಂದೆ ನಿಂತ್ಕಂಡು ಒಂದ ಬಾಯಿಗಾಕ್ಕೊತಾಳೆ, ಇನ್ನೊಂದ ವಾಪಸ್ ಮಡಗ್ತಾಳೆ. ನಾನ್ ನೋಡಿವ್ನಿ. ಯಾಕೆ ಅಂತೀಯ, ಬಚ್ಚಲಲ್ಲಿ ನೋಡ್ಬೇಕು ನೀನು, ಕೋಳಿ ಕುಯ್ದಂಗಿರ್ತದೆ."

"ಅವ್ವಾ, ಸುಮ್ನಿರವ್ವ" ಎಂದರು ಇವರು. ಕಿವಿಯವರೆಗೆ ಕೆಂಪು.

"ನೀ ಸುಮ್ನಿರ್ಲಾ. ನಾನೇನ್ ನಿನ್ ಕೇಳ್ತಿದ್ದೀನಾ."

ಪಕ್ಕದ ಮಂಚದವರು ಹಾಲು ಕುಡಿಯುವುದನ್ನು ನಿಲ್ಲಿಸಿದರು. ನನಗೆ ಹೊದಿಕೆಯನ್ನು ತಲೆಯ ಮೇಲೆ ಎಳೆದುಕೊಳ್ಳಬೇಕು ಅನ್ನಿಸಿತು. ಕೈಗೆ ಸೂಜಿ ಚುಚ್ಚಿದ್ದರು, ಆಗಲಿಲ್ಲ.

ಡಾಕ್ಟರ್ ವಾಪಸ್ ಬಂದರು. ಹಿಂದಿದ್ದ ಹುಡುಗರನ್ನು ಮುಂದಕ್ಕೆ ಕಳಿಸಿದರು. ಅತ್ತೆಯ ಪಕ್ಕ ಬಗ್ಗಿ ಕೇಳಿದರು. "ಎಷ್ಟು ತಿಂಗಳಿಂದ ಅಜ್ಜಿ?" ಅತ್ತೆ ನನ್ನ ಕಡೆ ಗಲ್ಲ ಎತ್ತಿ ತೋರಿಸಿದರು. ಅವಳನ್ನು ಕೇಳು ಎಂಬ ಹಾಗೆ.

ಆಮೇಲೆ ನಾನೇ ಹೇಳಿದೆ. ಸಣ್ಣ ದನಿಯಲ್ಲಿ. ಪ್ಯಾಡು, ಗಡ್ಡೆ, ಬಸ್ಸು, ಬಿಟ್ಟ ಮಾತ್ರೆ. ರಕ್ತ ನಿಲ್ಲುವ ಮಾತ್ರೆಯ ಹೆಸರು ಹೇಳಿದಾಗ ಡಾಕ್ಟರ್ ಕಣ್ಣು ಮುಚ್ಚಿ ತೆರೆದರು.

"ಅಮ್ಮ, ಅದು ರಕ್ತ ಹೆಪ್ಪು ಕರಗದಂಗೆ ಹಿಡಿದಿಡೋ ಮಾತ್ರೆ. ಒಂದು ಕಡೆ ಹೆಪ್ಪುಗಟ್ಟದಂಗೆ ನೋಡ್ಕೊಳ್ಳೋ ಮಾತ್ರೆ ಬಿಟ್ರಿ, ಇನ್ನೊಂದು ಕಡೆ ಇದನ್ನ ನುಂಗಿದ್ರಿ. ಇದು ಗೊತ್ತಿಲ್ದೆ ನಾನು ಜೋರಾದ್ದು ಬರ್ದು ಮನೆಗೆ ಕಳಿಸಿದ್ರೆ, ನೀವು ಅದನ್ನೂ ಬಿಡ್ತಿದ್ರಿ." ಫೈಲ್ ಮುಚ್ಚಿ ನನ್ನ ಕಡೆ ತಿರುಗಿದರು. "ಯಾಕೆ ಹೇಳಲಿಲ್ಲ?"

"ಹೇಳಿದ್ದೆ ಸಾರ್. ನೀವು ಬ್ರಷ್ ತಗೊಳ್ಳಿ ಅಂದ್ರಿ."

ಅವರಿಗೆ ನೆನಪಿರಲಿಲ್ಲ. ಹೇಗೆ ನೆನಪಿರುತ್ತದೆ. ಆದರೂ "ಕೇಳಬೇಕಿತ್ತು ನಾನು" ಎಂದರು. ಅಷ್ಟು ಸಾಕಾಯಿತು ನನಗೆ. ಅಳು ಬಂತು.

೧೨ ಮೇ, ಸೋಮವಾರ

ಇವರು ಮಾತಾಡುತ್ತಿಲ್ಲ. ಸಿಟ್ಟೋ ನಾಚಿಕೆಯೋ ತಿಳಿಯದು. ಗಂಜಿ ಕಲಸಿ ಕೊಡುತ್ತಾರೆ, ಮಾತ್ರೆ ಬಿಡಿಸಿ ಕೊಡುತ್ತಾರೆ, ಟಿವಿ ಸೌಂಡ್ ಕಮ್ಮಿ ಮಾಡುತ್ತಾರೆ. ಕೊನೆಗೆ ಇವತ್ತು ಶೂ ಲೇಸ್ ಕಟ್ಟಿಕೊಳ್ಳುತ್ತಾ, ನೆಲ ನೋಡಿಕೊಂಡು ಹೇಳಿದರು.

"ಒಂದೇ ಮನೇಲಿದೀವಿ ಕುಸುಮ. ನನ್ ಹತ್ರ ಹೇಳ್ಬೋದಿತ್ತಲ್ಲ."

"ಹೇಳಿದ್ರೆ ಏನ್ ಮಾಡ್ತಿದ್ರಿ?"

"ಗೊತ್ತಿಲ್ಲ" ಎಂದರು. ಲೇಸ್ ಕಟ್ಟಿ ಮುಗಿದಿತ್ತು, ಮತ್ತೆ ಬಿಚ್ಚಿ ಕಟ್ಟಿದರು.

ಮಧ್ಯಾಹ್ನ ಅತ್ತೆ ಅಲಸಂದೆ ಕಾಳು ಬಿಡಿಸುತ್ತಾ ಕೂತಿದ್ದರು. ಕೇಳಿದೆ. "ಅತ್ತೆ, ಮೊದಲೇ ಗೊತ್ತಿತ್ತಲ್ಲ ನಿಮಗೆ. ಮನೇಲಿ ಯಾಕೆ ಅನ್ನಲಿಲ್ಲ? ಅಷ್ಟು ಜನದ ಮುಂದೆ ಯಾಕಂದ್ರಿ?"

"ಮನೇಲಿ ಅಂದ್ರೆ ನೀ ಕೇಳ್ತಿದ್ದಾ? ಚೆನ್ನಾಗಿದೆ ಅತ್ತೆ ಅಂತಿದ್ದೆ." ಕಾಳು ತಟ್ಟೆಗೆ ಬೀಳುತ್ತಲೇ ಇತ್ತು. "ನೀ ಸತ್ರೆ ನಂಗ್ ಅನ್ನ ಆಕೋರ್ ಯಾರು? ಅವ್ನಾ? ಅವ್ನಿಗೆ ಅನ್ನ ಬಸಿಯಕ್ಕೂ ಬರದಿಲ್ಲ."

ನಗು ಬಂತು. ನಕ್ಕರೆ ಎದೆ ನೋಯುತ್ತದೆ. ಅವರು ನಗಲಿಲ್ಲ.

೨೨ ಮೇ, ಗುರುವಾರ

ಲೇಡಿ ಡಾಕ್ಟರ್ ಹತ್ತಿರ ಹೋದೆವು. ಹಾರ್ಟ್ ಡಾಕ್ಟರೇ ಫೋನ್ ಮಾಡಿ ಹೇಳಿ ಕಳಿಸಿದ್ದು. ನೆಂಟರೆಲ್ಲ ಒಂದೇ ಮಾತು, ಗರ್ಭಕೋಶ ತೆಗೆಸಿಬಿಡಿ ಅಂತ. ಇವರೂ ಅದನ್ನೇ ಕೇಳಿದರು.

"ಈಗ ಆಪರೇಷನ್ ಮಾಡಬೇಕು ಅಂದ್ರೆ ಹಾರ್ಟಿನ ಮಾತ್ರೆ ನಿಲ್ಲಿಸಬೇಕಾಗುತ್ತೆ. ನಿಲ್ಲಿಸಿದ್ರೆ ಏನಾಗುತ್ತೆ ಅಂತ ನೀವೇ ನೋಡಿದೀರಲ್ಲ" ಎಂದರು ಆಕೆ. ಕಾಪರ್-ಟಿ ಥರದ್ದೇ ಒಂದು, ಹಾರ್ಮೋನ್ ಇರುವುದು, ಗರ್ಭಕೋಶದೊಳಗೆ ಇಡುತ್ತಾರಂತೆ. ಯಾವ ಮಾತ್ರೆಯನ್ನೂ ಬಿಡಬೇಕಿಲ್ಲ. ಮೊದಲ ಕೆಲವು ತಿಂಗಳು ಅಲ್ಲಲ್ಲಿ ಕಲೆ ಕಾಣಿಸುತ್ತೆ, ಆಮೇಲೆ ಕಮ್ಮಿಯಾಗುತ್ತಾ ಹೋಗುತ್ತೆ. ಹೆಚ್ಚಾದರೆ ಮಾತ್ರೆ ಮುಟ್ಟದೆ ಫೋನ್ ಮಾಡಬೇಕು.

ಆಮೇಲೆ ಪ್ರಶ್ನೆ ಕೇಳಲು ಶುರು ಮಾಡಿದರು. ಎಷ್ಟು ದಿನ, ಎಷ್ಟು ಪ್ಯಾಡು, ಗಡ್ಡೆಯ ಗಾತ್ರ ಏನು. ಇವರು ಕುರ್ಚಿಯಲ್ಲಿ ಒದ್ದಾಡಿದರು. ಎದ್ದು ನಿಂತರು. "ನಾನು ಹೊರಗಿರ್ತೀನಿ ಮೇಡಂ. ಇವಳೇ ಎಲ್ಲಾ ಹೇಳ್ತಾಳೆ."

ಅವರಿಂದ ಆಗುವುದು ಅಷ್ಟೇ. ಮೊದಲು ಅಷ್ಟೂ ಆಗುತ್ತಿರಲಿಲ್ಲ. ಬಾಗಿಲು ಮುಚ್ಚಿದ ಮೇಲೆ ಎಲ್ಲ ಹೇಳಿದೆ. ಹೇಳುತ್ತಾ ಹೋದರೆ ಎಷ್ಟಿತ್ತು ಒಳಗೆ.

೧೬ ಜೂನ್, ಸೋಮವಾರ

ಡಿಪೋಗೆ ಹೋದೆ. ಕಂಡಕ್ಟರ್ ಡ್ಯೂಟಿ ಇಲ್ಲ, ಆಫೀಸಿನಲ್ಲಿ ಕೂರಿಸಿದ್ದಾರೆ. ಲೆಕ್ಕದ ಮೇಜಿನಲ್ಲಿ ಚಿಕ್ಕಣ್ಣ, ಎದುರು ಮೇಜು ನನ್ನದು. ಫ್ಯಾನ್ ಇದೆ. ಟಾಯ್ಲೆಟ್ ಇದೆ. ಕಿಟಕಿಯಲ್ಲಿ ಬಸ್ಸುಗಳು ಹೊರಡುವುದು ಕಾಣುತ್ತದೆ. ಇಷ್ಟು ವರ್ಷ ಬೇಡ ಬೇಡ ಎಂದುಕೊಂಡು ಹತ್ತುತ್ತಿದ್ದೆ, ಇವತ್ತು ರಾಜೀವನಗರ ಬೋರ್ಡಿನ ಬಸ್ಸು ಗೇಟು ದಾಟುವವರೆಗೂ ಕಿಟಕಿ ಬಿಟ್ಟು ಬರಲಿಲ್ಲ.

ಸದಾಶಿವಯ್ಯ ಬಂದು ಬಾಗಿಲಲ್ಲೇ ನಿಂತು ಹೇಗಿದ್ದೀರಿ ಎಂದ. ಹೊಸ ಕಂಡಕ್ಟರ್ ಹುಡುಗನಿಗೆ ಚಿಲ್ಲರೆ ಸರಿಯಾಗಿ ಕೊಡಲು ಬರುವುದಿಲ್ಲವಂತೆ. ಆ ದಿನದ ವಿಷಯ ಇಬ್ಬರೂ ಎತ್ತಲಿಲ್ಲ. ಕಣ್ಣು ತುಂಬಿತು ನನಗೆ. "ಊಟ ಆಯ್ತಾ ಅಣ್ಣ?" ಅಂದೆ.

೨೯ ಜುಲೈ, ಮಂಗಳವಾರ

ಲೇಡಿ ಡಾಕ್ಟರ್ ಅದನ್ನು ಒಳಗಿಟ್ಟ ಮೇಲೆ ಕಲೆ ಕಲೆ. ಅಷ್ಟೇ. ಒಂದು ದಿನ ಇರುತ್ತೆ, ಎರಡು ದಿನ ಇರಲ್ಲ. ಹಿಮೋಗ್ಲೋಬಿನ್ ಹತ್ತಾಗಿದೆ. ಮಾತ್ರೆ ಎರಡೂ ನುಂಗುತ್ತಿದ್ದೇನೆ. ಮೈಮೇಲೆ ಅಲ್ಲಲ್ಲಿ ನೀಲಿ. ಗಗನ ಮೊಣಕೈ ಹಿಡಿದರೂ ಬೆರಳ ಗುರುತು ಕೂರುತ್ತದೆ. ಹೆದರಿಕೆ ಹೋಗಿಲ್ಲ. ಮೆಟ್ಟಿಲು ಹತ್ತುವಾಗ ನಿಂತು ಎದೆಯ ಮಾತು ಕೇಳಿಸಿಕೊಳ್ಳುತ್ತೇನೆ, ಹಾಲು ಉಕ್ಕುತ್ತದೋ ಎಂದು ಕಾಯುವ ಹಾಗೆ. ಮೊದಲಿದ್ದ ಕುಸುಮ ವಾಪಸ್ ಬರುವುದಿಲ್ಲ ಎಂದು ಹೃದಯದ ಎಕೋ ಸ್ಕ್ಯಾನ್ ನೋಡಿದವರು ಹೇಳಿದರು. ಈ ಮಾತಲ್ಲಿ ಅಲ್ಲ. ನಂಬರಿನಲ್ಲಿ ಹೇಳಿದರು.

ಬೆಳಿಗ್ಗೆ ಗಗನ ಕಾಫಿ ಕುಡಿಯುತ್ತಾ, ಅಪ್ಪ ಎದುರಿಗಿದ್ದಾಗಲೇ, "ಅಮ್ಮ, ನಂಗೆ ಮುಟ್ಟಾಗಿದೆ, ಹೊಟ್ಟೆ ನೋವು, ಇವತ್ತು ಇಂಟರ್‌ವ್ಯೂಗೆ ಹೋಗಲ್ಲ" ಎಂದಳು. ಇವರ ಲೋಟ ಬಾಯಿಯ ಹತ್ತಿರ ನಿಂತಿತು. ಆಮೇಲೆ ಕುಡಿದರು.

"ಫೋನ್ ಮಾಡಿ ಬೇರೆ ದಿನ ಕೇಳು" ಎಂದರು. ಅಷ್ಟೇ.

ಒಳಮನೆಯಿಂದ ಅತ್ತೆ, "ಮೆಂತ್ಯ ನುಂಗ್ಸು ಅವ್ಳಿಗೆ" ಎಂದರು.

೧೧ ಸೆಪ್ಟೆಂಬರ್, ಗುರುವಾರ. ಮಧ್ಯಾಹ್ನ, ಡಿಪೋ

ದಸರಾ ಬಂತು, ಎಕ್ಸ್‌ಟ್ರಾ ಬಸ್ಸುಗಳ ಪಟ್ಟಿ ಮಾಡಿ ಕಣ್ಣು ಉರಿಯುತ್ತಿದೆ. ಚಿಕ್ಕಣ್ಣ ಊಟಕ್ಕೆ ಹೋದ. ನನಗೆ ಹಸಿವಿಲ್ಲ, ಡಬ್ಬಿ ತೆರೆದಿಲ್ಲ.

ಆಗ ಸೌಮ್ಯಶ್ರೀ ಬಂದಳು. ಹೊಸ ಕಂಡಕ್ಟರ್, ಬನ್ನೂರು ಕಡೆಯವಳು, ಮದುವೆಯಾಗಿ ವರ್ಷವೂ ಆಗಿಲ್ಲ. ಚಿಕ್ಕಣ್ಣ ಗೇಟು ದಾಟುವವರೆಗೂ ಹೊರಗೆ ನೋಟೀಸ್ ಬೋರ್ಡ್ ಓದುತ್ತಾ ನಿಂತಿದ್ದಳು. ಆ ಬೋರ್ಡಿನಲ್ಲಿ ಓದುವಂಥದ್ದು ಏನೂ ಇಲ್ಲ.

"ಅಕ್ಕ, ನಿಮ್ಮ ಹತ್ರ... ಇದೆಯಾ?"

ಏನು ಎಂದು ಕೇಳಲಿಲ್ಲ. ಬ್ಯಾಗಿನಿಂದ ತೆಗೆದು ಕೊಟ್ಟೆ. ಥ್ಯಾಂಕ್ಸ್ ಅಕ್ಕ ಎಂದು ಹೊರಟಳು. ಬಾಗಿಲ ಹತ್ತಿರ ನಿಂತಳು. ತಿರುಗಿ ನೋಡಿದಳು.

"ಇನ್ನೊಂದು ಕೊಡಲಾ?" ಅಂದೆ.

"ಎರಡು ವಾರದಿಂದ ನಿಂತೇ ಇಲ್ಲ ಅಕ್ಕ. ಹೆಂಗೆ ಹೇಳೋದು ಅಂತ ಗೊತ್ತಾಗ್ತಿಲ್ಲ. ಸುಮಿತ್ರಮ್ಮ ಒಂದು ಮಾತ್ರೆ ಹೇಳಿದ್ರು..."

"ನುಂಗಿದ್ಯಾ?"

"ಇನ್ನೂ ಇಲ್ಲ."

ಮೊದಲು ಹೋಗಿ ಮುಖ ತೊಳೆದು ಬಾ, ಆಮೇಲೆ ಇಲ್ಲಿ ಕೂತು ಎಲ್ಲಾ ಹೇಳು, ನನ್ನ ಡಬ್ಬಿಯಲ್ಲಿ ಚಿತ್ರಾನ್ನ ಇದೆ ಅಂದೆ. ಹೋಗಿದ್ದಾಳೆ. ಚಿಕ್ಕಣ್ಣನ ಕುರ್ಚಿಯನ್ನು ನನ್ನ ಪಕ್ಕಕ್ಕೆ ಎಳೆದಿಟ್ಟಿದ್ದೇನೆ. ಇಷ್ಟೇ ಎಳೆದದ್ದಕ್ಕೆ ಉಸಿರು ಮೇಲೆ ಬಂತು, ಕೂತು ಇದನ್ನು ಬರೆಯುತ್ತಿದ್ದೇನೆ. ಲೇಡಿ ಡಾಕ್ಟರ್ ನಂಬರ್ ಫೋನಿನಲ್ಲಿದೆ. ಅವಳು ಬಾಯಿ ಬಿಡುವವರೆಗೂ ನಾನು ಏನೂ

ಬಂದಳು